ಮಾದಲ, ಬೇಲ ಮತ್ತು ಮಹಾವೀರಾಚಾರ್ಯರ ಸೂತ್ರ

ನೃಪತುಂಗನ ಹೆಸರು ಕೇಳಿದೊಡನೆ ಸಾಹಿತ್ಯಾಭ್ಯಾಸಿಗಳಿಗೆ ನೆನಪಾಗುವುದು ‘ಕವಿರಾಜಮಾರ್ಗ’. ಆದಿಭಾಗದಲ್ಲಿ ಅದೇ ರಾಷ್ಟ್ರಕೂಟ ದೊರೆಯ ಸ್ತುತಿಯಿರುವ ಇನ್ನೊಂದು ಗ್ರಂಥವಿದೆ. ಅದು ಜೈನಾಚಾರ್ಯರಾದ ಮಹಾವೀರಾಚಾರ್ಯರು ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತ ಪದ್ಯಗಳಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’. ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯಗಳ ಜೊತೆಗೆ ಛಂದಸ್ಸು ಮತ್ತು ವ್ಯಾಕರಣಗಳಿಗೂ ಗಣಿತ ಬೇಕೆಂದು ಸಾರುವ ಈ ಕೃತಿಯನ್ನು ಸಾಹಿತ್ಯದ ಓದುಗರು ಗಣಿತಜ್ಞರಿಗೇ ಬಿಟ್ಟುಕೊಟ್ಟಿರುವುದು ವಿಷಾದದ ಸಂಗತಿ.

ಗ್ರಂಥದ ಮಿಶ್ರಕವ್ಯವಹಾರ ಪ್ರಕರಣದಲ್ಲಿ ಹಣ್ಣಿನಂಗಡಿಯ ಲೆಕ್ಕವೊಂದು ಬರುತ್ತದೆ. 9 ಮಾದಲ ಮತ್ತು 7 ಬೇಲದ ಹಣ್ಣುಗಳ ಒಟ್ಟು ಬೆಲೆ 107. 7 ಮಾದಲ ಮತ್ತು 9 ಬೇಲದ ಹಣ್ಣುಗಳ ಒಟ್ಟು ಬೆಲೆ 101. ಹಾಗಾದರೆ ಒಂದೊಂದರ ಬೆಲೆಯೆಷ್ಟು? ಇಂದಿನ ಶಾಲೆಗಳಲ್ಲಿ ಎರಡು ಅವ್ಯಕ್ತಗಳ ಸರಳ ಸಮೀಕರಣಗಳೆಂದು ಕಲಿಸುವುದು ಇದನ್ನೇ.

ಆಚಾರ್ಯರ ಸೂತ್ರ ಹೀಗಿದೆ: ಹೆಚ್ಚಿನ ಬೆಲೆಯನ್ನು ಹೆಚ್ಚಿನ ಸಂಖ್ಯೆಯಿಂದಲೂ ಕಡಿಮೆ ಬೆಲೆಯನ್ನು ಕಡಿಮೆ ಸಂಖ್ಯೆಯಿಂದಲೂ ಗುಣಿಸಿ, ಅಂತರವನ್ನು ಆ ಎರಡು ಸಂಖ್ಯೆಗಳ ವರ್ಗಗಳ ಅಂತರದಿಂದ ಭಾಗಿಸಬೇಕು. 963ರಲ್ಲಿ 707 ಕಳೆದರೆ 256. 81ರಲ್ಲಿ 49 ಕಳೆದರೆ 32. ಭಾಗಲಬ್ಧವಾದ 8 ಮಾದಲದ ಬೆಲೆ. 9 ಮಾದಲಕ್ಕೆ 72 ಸಂದರೆ ಉಳಿದ 35 ಏಳು ಬೇಲಗಳದು, ಒಂದಕ್ಕೆ 5.

ಇದರ ಒಳಗುಟ್ಟು ಸರಳವಾದುದು. ಮೊದಲ ಖರೀದಿಯನ್ನು 9ರಿಂದಲೂ ಎರಡನೆಯದನ್ನು 7ರಿಂದಲೂ ಗುಣಿಸಿದಾಗ ಎರಡರಲ್ಲೂ ಬೇಲದ ಹಣ್ಣುಗಳು 63 ಆಗುತ್ತವೆ. ಕಳೆದಾಗ ಅವು ಮಾಯವಾಗಿ 32 ಮಾದಲಗಳಷ್ಟೇ ಉಳಿಯುತ್ತವೆ. ಎರಡು ಅವ್ಯಕ್ತಗಳಲ್ಲಿ ಒಂದನ್ನು ತೊಡೆದುಹಾಕುವ ಈ ಕ್ರಮಕ್ಕೆ ಇಲ್ಲಿ ಯಾವ ಸಂಕೇತಾಕ್ಷರವೂ ಬೇಕಾಗಿಲ್ಲ. ಬಾಯಲ್ಲಿ ನಿಲ್ಲುವ ಪದ್ಯವೇ ಸಾಕು.

ಹಾಗೆಂದು ಅತ್ಯುಕ್ತಿ ಸಲ್ಲದು. ಎರಡನೆಯ ಖರೀದಿಯಲ್ಲಿ ಹಣ್ಣುಗಳ ಸಂಖ್ಯೆಗಳು ಅದಲುಬದಲಾದಾಗ ಮಾತ್ರ ಈ ಸೂತ್ರ ಸಲ್ಲುತ್ತದೆ. ಎರಡೂ ಸಂಖ್ಯೆಗಳು ಸಮವಾದರೆ ಭಾಜಕವೇ ಶೂನ್ಯ. ಒಂದೇ ಮಾತನ್ನು ಎರಡು ಬಾರಿ ಹೇಳಿದಂತಾಗಿ ಬೆಲೆಗಳು ತಿಳಿಯುವುದಿಲ್ಲ. ಅವ್ಯಕ್ತಗಳನ್ನು ಬಣ್ಣಗಳ ಹೆಸರಿನಿಂದ ಗುರುತಿಸುವ ಸಮೀಕರಣಗಳನ್ನು ಬ್ರಹ್ಮಗುಪ್ತ 628ರಲ್ಲಿಯೇ ನಿರೂಪಿಸಿದ್ದ. ಆದುದರಿಂದ ಮಹಾವೀರಾಚಾರ್ಯರ ಹಿರಿಮೆಯಿರುವುದು ‘ಮೊದಲಿಗರು’ ಎಂಬ ಬಿರುದಿನಲ್ಲಲ್ಲ, ಶಾಸ್ತ್ರವನ್ನು ಸಂತೆಯ ಹಣ್ಣಿನಷ್ಟು ಪರಿಚಿತವಾಗಿಸಿದ ಬೋಧನಕ್ರಮದಲ್ಲಿ.

ಈ ಕೃತಿಯನ್ನು ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’ದ ಮೂಲಕ ಕನ್ನಡದಲ್ಲಿಯೇ ಲೆಕ್ಕ ಹೇಳಿದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಗಣಿತಸಾರಸಂಗ್ರಹದ ಮೂಲವನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಕವಿರಾಜಮಾರ್ಗದ ಕಾಲವನ್ನು ಅರಿಯಬಯಸುವವರು ಈ ಗ್ರಂಥವನ್ನೂ ಪಕ್ಕದಲ್ಲಿಟ್ಟು ಓದಬೇಕು. ಒಂದು ನುಡಿಯ ಲಕ್ಷಣವನ್ನು ನಿರೂಪಿಸಿದರೆ ಇನ್ನೊಂದು ಎಣಿಕೆಯ ಲಕ್ಷಣವನ್ನು ನಿರೂಪಿಸುತ್ತದೆ. ಎರಡೂ ಒಬ್ಬನೇ ಅರಸನ ಹೆಸರನ್ನು ಹೊತ್ತು ನಿಂತಿವೆ.