ಎಕ್ಸಿಲರೇಟರ್ ಮೇಲೆ ಕಾಲಿಲ್ಲ: ಕ್ರೂಸ್ ಕಂಟ್ರೋಲ್ ಎಲ್ಲಿಂದ ಬಂತು?

(1/4)
ಹೋದ ವಾರ ನಮ್ಮ ಕಡ್ಡಿರಾಂಪುರದ ಗೋರಿಗಳ ಫೋಟೋ ಹಾಕಿದ್ದೆ. ಇವತ್ತು ಕಲ್ಲು, ಶಾಸನ ಎಲ್ಲಕ್ಕೂ ರಜೆ. ಹಂಪಿಗೆ ಬರೋ ಕಾರುಗಳು ನಮ್ಮೂರು ದಾಟಿಯೇ ಹೋಗೋದು ನಿಮಗೆ ಗೊತ್ತು. ಈಗಿನ ಕಾರುಗಳ ಸ್ಟೀರಿಂಗ್ ಮೇಲೆ ಒಂದು ಬಟನ್ ಇರುತ್ತಲ್ಲ, ಕ್ರೂಸ್ ಕಂಟ್ರೋಲ್ ಅಂತ, ಅದರ ಇತಿಹಾಸ ಬರೀತೀನಿ. ಓದಿ, ಚೆನ್ನಾಗಿದೆ.

ಹೊಲ ಇರೋರಿಗೆ ಇದರ ಅರ್ಧ ಕಥೆ ಆಗ್ಲೇ ಗೊತ್ತು. ಡೀಸೆಲ್ ಪಂಪ್‌ಸೆಟ್ ನೋಡಿದ್ದೀರಲ್ಲ? ನೀರು ಎತ್ತೋಕೆ ಶುರು ಮಾಡಿದಾಗ ಎಂಜಿನ್ ಸದ್ದು ಒಂದು ಕ್ಷಣ ಕುಗ್ಗುತ್ತೆ, ಆಮೇಲೆ ತಾನಾಗೇ ಸರಿಹೋಗುತ್ತೆ. ಯಾರೂ ಪಕ್ಕದಲ್ಲಿ ನಿಂತು ಎಕ್ಸಿಲರೇಟರ್ ಕೊಡಲ್ಲ. ಒಳಗೆ ಗವರ್ನರ್ ಅಂತ ಒಂದು ಭಾಗ ಇರುತ್ತೆ. ವೇಗ ಇಳಿದ್ರೆ ಡೀಸೆಲ್ ಜಾಸ್ತಿ ಬಿಡುತ್ತೆ, ಏರಿದ್ರೆ ಕಡಿಮೆ ಮಾಡುತ್ತೆ. ಟಿ.ಬಿ. ಡ್ಯಾಮಿನ ಕರೆಂಟ್ ಟರ್ಬೈನಿಗೂ ಇದೇ ತತ್ವ, ಅಲ್ಲಿ ಡೀಸೆಲ್ ಬದಲು ನೀರು.

ಇದನ್ನ ಉಗಿ ಎಂಜಿನ್ನಿಗೆ ತಂದವನು ಜೇಮ್ಸ್ ವಾಟ್, 1788ರಲ್ಲಿ. ಎರಡು ಕಬ್ಬಿಣದ ಗುಂಡು ಎಂಜಿನ್ ಜೊತೆ ತಿರುಗ್ತಿದ್ವು. ಜೋರಾಗಿ ತಿರುಗಿದ್ರೆ ಗುಂಡುಗಳು ಹೊರಗೆ ಹರಡಿ ಉಗಿಯ ದಾರಿ ಕಿರಿದು ಮಾಡ್ತಿದ್ವು. ಅಷ್ಟೇ. ಕಾರಿನ ಕ್ರೂಸ್ ಕಂಟ್ರೋಲ್ ಅದರ ಮರಿಮಗ.

(2/4)
ಕಾರಿಗೆ ಇದನ್ನ ತಂದವರಿಗೆ ಕಣ್ಣೇ ಕಾಣ್ತಿರಲಿಲ್ಲ. ರಾಲ್ಫ್ ಟೀಟರ್, ಅಮೆರಿಕದ ಇಂಡಿಯಾನಾ ರಾಜ್ಯದವರು, ಹುಟ್ಟಿದ್ದು 1890. ಐದನೇ ವಯಸ್ಸಲ್ಲಿ ಚಾಕು ತಗುಲಿ ಒಂದು ಕಣ್ಣು ಹೋಯ್ತು, ಆಮೇಲೆ ಇನ್ನೊಂದೂ. ಪೂರ್ತಿ ಕುರುಡರಾದ ಮೇಲೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ 1912ರಲ್ಲಿ ಡಿಗ್ರಿ ತಗೊಂಡ್ರು. ಮೊದಲ ಮಹಾಯುದ್ಧದ ಹೊತ್ತಲ್ಲಿ ಯುದ್ಧನೌಕೆಗಳ ಟರ್ಬೈನ್ ರೋಟರ್‌ಗಳನ್ನ ಕೈಯಿಂದ ಮುಟ್ಟಿ ಮುಟ್ಟಿಯೇ ಬ್ಯಾಲೆನ್ಸ್ ಮಾಡಿದವರು. ಕಣ್ಣಿದ್ದೋರಿಗೆ ಕಷ್ಟವಾಗಿದ್ದ ಕೆಲಸ ಅದು.

ಅವರನ್ನ ಕಾರಲ್ಲಿ ಕರ್ಕೊಂಡು ಹೋಗ್ತಿದ್ದ ವಕೀಲರೊಬ್ಬರು ಮಾತಾಡುವಾಗ ಗಾಡಿ ನಿಧಾನ ಮಾಡ್ತಿದ್ರಂತೆ, ಕೇಳಿಸ್ಕೊಳ್ಳುವಾಗ ಜೋರು. ಪಕ್ಕದಲ್ಲಿ ಕೂತವರಿಗೆ ಹೊಟ್ಟೆ ತೊಳಸೋದು ಹೀಗೇ ಅಲ್ವಾ? ಕಣ್ಣು ಕಾಣದ ಮನುಷ್ಯನಿಗೆ ಪ್ರತಿ ಎಳೆತ, ಪ್ರತಿ ತಗ್ಗುವಿಕೆ ಮೈಗೇ ಗೊತ್ತಾಗುತ್ತೆ. ಎರಡನೇ ಮಹಾಯುದ್ಧದಲ್ಲಿ ಟೈರು, ಪೆಟ್ರೋಲ್ ಉಳಿಸೋಕೆ ಅಮೆರಿಕದಲ್ಲಿ ಗಂಟೆಗೆ 35 ಮೈಲಿ, ಅಂದ್ರೆ ಸುಮಾರು 56 ಕಿಲೋಮೀಟರ್ ಮಿತಿ ಹಾಕಿದ್ರು. ವೇಗ ಒಂದೇ ಸಮ ಇರಬೇಕು ಅನ್ನೋ ಟೀಟರ್ ಯೋಚನೆಗೆ ಅದೂ ಒಂದು ಕಾರಣ ಆಯ್ತು. 1950ರಲ್ಲಿ ಪೇಟೆಂಟ್ ಸಿಕ್ತು.

ನನಗೆ ಬಹಳ ಹಿಡಿಸಿದ್ದು ಈ ವಿಷಯ. ಅವರ ಮೊದಲ ಯಂತ್ರ ಡ್ರೈವರ್ ಕಾಲಿಗೆ ರಜೆ ಕೊಡ್ತಿರಲಿಲ್ಲ. ಇಟ್ಟ ವೇಗ ಮುಟ್ಟಿದ ಕೂಡಲೇ ಎಕ್ಸಿಲರೇಟರ್ ಪೆಡಲ್ ಕಾಲನ್ನ ವಾಪಸ್ ತಳ್ತಿತ್ತು, "ಸಾಕಪ್ಪ" ಅನ್ನೋ ಹಾಗೆ. ಬ್ರೇಕ್ ಮುಟ್ಟೋ ತನಕ ವೇಗವನ್ನ ತಾನೇ ಹಿಡಿದಿಡೋ ಲಾಕ್ ಸೇರಿದ್ದು ಆಮೇಲೆ.

(3/4)
ಟೀಟರ್ ಕಂಪನಿ ಇಟ್ಟ ಹೆಸರು ಸ್ಪೀಡೋಸ್ಟ್ಯಾಟ್. 1958ರಲ್ಲಿ ಕ್ರೈಸ್ಲರ್ ತನ್ನ ಇಂಪೀರಿಯಲ್ ಮುಂತಾದ ದುಬಾರಿ ಕಾರುಗಳಿಗೆ ಹಾಕಿ "ಆಟೋ ಪೈಲಟ್" ಅಂತ ಮಾರಿತು. ನಾನು ಮಾರ್ಕೆಟಿಂಗ್ ಪೇಪರ್ ಓದ್ತಿರೋ ಬಿಕಾಂ ಹುಡುಗ, ಅದಕ್ಕೇ ಹೇಳ್ತೀನಿ: ಹೆಸರು ಬಹಳ ಚೆನ್ನಾಗಿದೆ, ಆದ್ರೆ ಸುಳ್ಳು. ಅದಕ್ಕೆ ಗೊತ್ತಿದ್ದದ್ದು ವೇಗ ಒಂದೇ. ರಸ್ತೆ ತಿರುಗಿದ್ದು ಗೊತ್ತಿಲ್ಲ, ಕುರಿ ಹಿಂಡು ಅಡ್ಡ ಬಂದದ್ದು ಗೊತ್ತಿಲ್ಲ. ಕ್ರೂಸ್ ಕಂಟ್ರೋಲ್ ಅನ್ನೋ ಹೆಸರು ಆಮೇಲೆ ಕ್ಯಾಡಿಲ್ಯಾಕ್ ಕಡೆಯಿಂದ ಬಂತು. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ತುಟ್ಟಿಯಾದಾಗ ಇಂಧನ ಉಳಿತಾಯದ ಹೆಸರಲ್ಲಿ ಮನೆಮಾತಾಯ್ತು.

ಉಳಿಯೋದು ನಿಜವೇ, ಆದ್ರೆ ಸಪಾಟು ರಸ್ತೇಲಿ, ಹದವಾದ ವೇಗದಲ್ಲಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 80ರ ಬದಲು 100ಕ್ಕೆ ಸೆಟ್ ಮಾಡಿದ್ರೆ ಆ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಬಟನ್ ಒತ್ತಿದ್ದಕ್ಕೇ ಮೈಲೇಜ್ ಬರಲ್ಲ.

ಇನ್ನೊಂದು ಗೊಂದಲ. ಸಂಡೂರಿನ ಅದಿರು ಲಾರಿ, ಸ್ಕೂಲ್ ಬಸ್ಸಲ್ಲಿರೋ ಸ್ಪೀಡ್ ಗವರ್ನರ್ ಬೇರೆ, ಇದು ಬೇರೆ. ಅದು "ಇದಕ್ಕಿಂತ ಮೇಲೆ ಹೋಗ್ಬೇಡ" ಅನ್ನುತ್ತೆ. ಇದು "ಇಷ್ಟರಲ್ಲೇ ಹೋಗ್ತಿರು" ಅನ್ನುತ್ತೆ. ಎರಡನೆಯದು ಹೆಚ್ಚು ಅಪಾಯ, ಯಾಕೆ ಅಂತ ನಮ್ಮ ದೊಡ್ಡಪ್ಪನ ಮಗನ್ನ ಕೇಳಿ.

ಅಣ್ಣ ಟೂರಿಸ್ಟ್ ಗಾಡಿ ಓಡಿಸ್ತಾನೆ. ರಾತ್ರಿ ಬೆಂಗಳೂರಿಗೆ ಡ್ರಾಪ್ ಕೊಟ್ಟು, ಮರುದಿನ ಬೆಳಿಗ್ಗೆ ಹಂಪಿ ಬಾಡಿಗೆ ಇದ್ರೆ ಖಾಲಿ ಗಾಡಿ ತಗೊಂಡು ಅದೇ ರಾತ್ರಿ ವಾಪಸ್. ಒಂದು ಸಲ ಚಿತ್ರದುರ್ಗ ದಾಟಿದ ಮೇಲೆ 90ಕ್ಕೆ ಸೆಟ್ ಮಾಡಿದಾನೆ. ಕೂಡ್ಲಿಗಿ ಹತ್ತಿರ ರಸ್ತೆ ಅಂಚಿನ ಪಟ್ಟಿ ಮೇಲೆ ಚಕ್ರ ಹತ್ತಿ ಗಡಗಡ ಅಂದಾಗಲೇ ಕಣ್ಣು ಬಿಟ್ಟದ್ದು. ಅವನು ಹೇಳಿದ್ದು ಹೀಗೆ: "ಮೊದಲಾಗಿದ್ರ ನಿದ್ದಿ ಬಂದ್ರ ಕಾಲು ಸಡ್ಲ ಆಗಿ ಗಾಡಿ ಸ್ಲೋ ಆಕ್ಕಿತ್ತು, ಸದ್ದು ಬದಲಾಗಿ ಎಚ್ಚರ ಆಕ್ಕಿತ್ತು. ಇದು ನಾನು ಮಲಗಿದ್ರೂ ತೊಂಬತ್ರಾಗ ಹೊಂಟೈತಲ್ಲೋ ತಮ್ಮಾ."

ಲೆಕ್ಕ ಹಾಕಿ. 90 ಕಿಲೋಮೀಟರ್ ವೇಗ ಅಂದ್ರೆ ಸೆಕೆಂಡಿಗೆ 25 ಮೀಟರ್. ನಾಲ್ಕು ಸೆಕೆಂಡ್ ತೂಕಡಿಸಿದ್ರೆ 100 ಮೀಟರ್. ನಮ್ಮ ವಿರೂಪಾಕ್ಷನ ದೊಡ್ಡ ಗೋಪುರ ಸುಮಾರು 50 ಮೀಟರ್. ಅಂಥ ಎರಡು ಗೋಪುರ ಅಡ್ಡ ಮಲಗಿಸಿದಷ್ಟು ದೂರ, ಕಣ್ಣು ಮುಚ್ಚಿಕೊಂಡು.

ಈಗ ಅಣ್ಣ ರಾತ್ರಿ ಹನ್ನೊಂದರ ಮೇಲೆ ಆ ಬಟನ್ ಮುಟ್ಟಲ್ಲ. ಒಂದು ಬಾಡಿಗೆ ತಪ್ಪಿದ್ರೂ ಪರವಾಗಿಲ್ಲ, ಢಾಬಾದಲ್ಲಿ ನಿಲ್ಲಿಸಿ ಒಂದು ಗಂಟೆ ಮಲಗ್ತಾನೆ. ಬಾಡಿಗೆ ತಪ್ಪಿದ ದಿನ ಇಎಂಐ ಯಾರು ಕಟ್ತಾರೆ ಅನ್ನೋ ಪ್ರಶ್ನೆ ನಮ್ಮನೇಲಿ ಇನ್ನೂ ಇದೆ.

(4/4)
ಹಾಗಂತ ಇದು ಕೆಟ್ಟದ್ದಲ್ಲ. ಹಗಲು, ಒಣ ರಸ್ತೆ, ಗಾಡಿ ಕಡಿಮೆ ಇರೋ ನಾಲ್ಕು ಪಥದ ಹೈವೇ ಇದ್ರೆ ಹಾಕಿ. ಸೆಟ್ ಒತ್ತಿ, ಬಲಗಾಲನ್ನ ಮಡಚಿ ಸೀಟಿನ ಕೆಳಗೆ ಇಟ್ಕೋಬೇಡಿ, ಬ್ರೇಕ್ ಹತ್ರಾನೇ ಇರಲಿ. ಬ್ರೇಕ್ ಮುಟ್ಟಿದ್ರೆ ಬಿಟ್ಟುಬಿಡುತ್ತೆ, ಮ್ಯಾನುವಲ್ ಗಾಡಿಯಲ್ಲಿ ಕ್ಲಚ್ ಮುಟ್ಟಿದ್ರೂ ಬಿಡುತ್ತೆ. ರೆಸ್ಯೂಮ್ ಒತ್ತೋ ಮುಂಚೆ ಹಿಂದೆ ಎಷ್ಟಕ್ಕೆ ಸೆಟ್ ಮಾಡಿದ್ರಿ ನೆನಪು ಮಾಡ್ಕೊಳ್ಳಿ. ಊರೊಳಗೆ 40ರಲ್ಲಿ ಇರುವಾಗ ಒತ್ತಿದ್ರೆ ಗಾಡಿ ಹಳೇ 90ಕ್ಕೆ ಎಗರುತ್ತೆ.

ಮಳೆಯಲ್ಲಿ ಬೇಡವೇ ಬೇಡ. ನೀರಿನ ಮೇಲೆ ಟೈರ್ ಜಾರಿದಾಗ ಎಕ್ಸಿಲರೇಟರ್ ಬಿಡಬೇಕು. ನಿಮ್ಮ ಕಾಲು ಅದರ ಮೇಲೆ ಇಲ್ಲದಿದ್ರೆ ಏನು ಬಿಡ್ತೀರಿ? ಸಂಡೂರಿನ ಗುಡ್ಡದ ರಸ್ತೇಲೂ ಬೇಡ. ಇಳಿಜಾರಲ್ಲಿ ಹಳೇ ಥರದ ಕ್ರೂಸ್ ಬ್ರೇಕ್ ಹಾಕಲ್ಲ, ಗಾಡಿ ಸೆಟ್ ಮಾಡಿದ್ದಕ್ಕಿಂತ ಜೋರಾಗೇ ಇಳಿಯುತ್ತೆ. ಹೊಸಪೇಟೆಯಿಂದ ನಮ್ಮೂರ ತನಕ ಅಂತೂ ಆಫ್. ಟ್ರ್ಯಾಕ್ಟರ್, ಎಮ್ಮೆ, ಬಾಳೆಗೊನೆ ಹೊತ್ತ ಟಿವಿಎಸ್, ಎಲ್ಲ ಒಂದೇ ರಸ್ತೇಲಿ.

"ನಮ್ಮ ಕಾರಲ್ಲಿ ರಾಡಾರ್ ಇದೆ" ಅನ್ನೋರಿಗೆ: ಮುಂದಿನ ಗಾಡಿ ನೋಡಿ ತಾನೇ ನಿಧಾನ ಆಗೋ ಕ್ರೂಸ್ 1990ರ ದಶಕದಲ್ಲಿ ಜಪಾನಿನ ಮಿತ್ಸುಬಿಷಿ, ಆಮೇಲೆ ಮರ್ಸಿಡಿಸ್ ಕಾರುಗಳಲ್ಲಿ ಬಂತು. ನಮ್ಮ ದೇಶದಲ್ಲಿ 2021ರ ಎಕ್ಸ್‌ಯುವಿ 700ನಂಥ ಗಾಡಿಗಳಿಂದ ಎಲ್ಲರ ಬಾಯಲ್ಲಿದೆ. ಓಡ್ತಿರೋ ಗಾಡಿಯನ್ನ ಅದು ಚೆನ್ನಾಗಿ ಹಿಂಬಾಲಿಸುತ್ತೆ. ಆದ್ರೆ ಜೋರು ವೇಗದಲ್ಲಿ, ಮುಂದೆ ಸುಮ್ನೆ ನಿಂತಿರೋ ಗಾಡಿಯನ್ನ ಗುರುತಿಸದೇ ಇರಬಹುದು ಅಂತ ಕಂಪನಿಗಳ ಮ್ಯಾನುವಲ್‌ಗಳಲ್ಲೇ ಎಚ್ಚರಿಕೆ ಇರುತ್ತೆ. ಹಿಂದಿನ ಲೈಟ್ ಇಲ್ಲದೆ, ಗಾಲಿ ಬಿಚ್ಚಿ, ಎಡಪಕ್ಕದಲ್ಲಿ ನಾಲ್ಕು ಕಲ್ಲು ಇಟ್ಟು ನಿಲ್ಲಿಸಿರೋ ಲಾರಿ ನಮ್ಮ ಹೈವೇಲಿ ಎಷ್ಟು ಸಿಗುತ್ತೆ ಅಂತ ರಾತ್ರಿ ಓಡಾಡೋರಿಗೆ ಹೇಳೋದೇ ಬೇಡ.

#ಕಡ್ಡಿರಾಂಪುರ #ಹೊಸಪೇಟೆ #ನಮ್ಮೂರ_ಇತಿಹಾಸ #ಕ್ರೂಸ್_ಕಂಟ್ರೋಲ್