ಡಿಪ್ಲೀಟೆಡ್ ಯುರೇನಿಯಂ: ಗುಂಡು ಮೊದಲು, ಪರೀಕ್ಷೆ ಆಮೇಲೆ

1979ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ನೋಲ್ಸ್ ಪರಮಾಣು ಪ್ರಯೋಗಾಲಯದ ಭೌತವಿಜ್ಞಾನಿ ಲಿಯೊನಾರ್ಡ್ ಡೀಟ್ಸ್ ಅವರಿಗೆ ಗಾಳಿ ಸೋಸುವ ಫಿಲ್ಟರುಗಳಲ್ಲಿ ಯುರೇನಿಯಂ ಕಣಗಳು ಕಂಡವು. ಅವು ಅಲ್ಲಿನ ಪ್ರಯೋಗಾಲಯದವಾಗಿರಲಿಲ್ಲ. ಮೂಲ ಹುಡುಕುತ್ತ ಹೋದಾಗ ಸಿಕ್ಕಿದ್ದು ಆಲ್ಬನಿ ನಗರದ ಪಕ್ಕದ ಕಾಲೊನಿ ಎಂಬ ಊರಿನ ಕಾರ್ಖಾನೆ. ಯುದ್ಧವಿಮಾನದ ಗನ್ನುಗಳಿಗೆ ಯುರೇನಿಯಂ ಗುಂಡಿನ ತಿರುಳು ತಯಾರಿಸುತ್ತಿದ್ದ ಆ ಕಾರ್ಖಾನೆಯ ಚಿಮಣಿಯಿಂದ ಹೊರಟ ಕಣಗಳಲ್ಲಿ ಕೆಲವು 42 ಕಿ.ಮೀ. ದೂರ ಬಂದು ಬಿದ್ದಿದ್ದವು. 1984ರಲ್ಲಿ ಕಾರ್ಖಾನೆ ಮುಚ್ಚಿತು. ಈ ಗುಂಡುಗಳು ದೊಡ್ಡ ಯುದ್ಧವೊಂದರಲ್ಲಿ ಭಾರಿ ಪ್ರಮಾಣದಲ್ಲಿ ಬಳಕೆಯಾಗಲು ಆಗ ಇನ್ನೂ ಏಳು ವರ್ಷವಿತ್ತು. ಅಂದರೆ ಯುರೇನಿಯಂ ದೂಳು ಗಾಳಿಯಲ್ಲಿ ಬಹುದೂರ ಸಾಗಬಲ್ಲದು ಎಂಬುದು ಯುದ್ಧಕ್ಕೆ ಮುಂಚೆಯೇ ಗೊತ್ತಿತ್ತು.

ಗುಂಡಿನ ಈ ಲೋಹ ಪರಮಾಣು ಇಂಧನ ತಯಾರಿಕೆಯ ಉಳಿಕೆ. ನೆಲದಿಂದ ತೆಗೆದ ಯುರೇನಿಯಂನಲ್ಲಿ ರಿಯಾಕ್ಟರಿಗೂ ಬಾಂಬಿಗೂ ಬೇಕಾದ ಯುರೇನಿಯಂ-235 ಇರುವುದು ಶೇ 0.7ರಷ್ಟು ಮಾತ್ರ. ಸಂವರ್ಧನೆಯಲ್ಲಿ ಅದನ್ನು ಬಹುಪಾಲು ಹೀರಿ ತೆಗೆದ ಮೇಲೆ ಶೇ 0.2ರ ಆಸುಪಾಸಿನ ಯುರೇನಿಯಂ-235 ಉಳ್ಳ ರಾಶಿ ಉಳಿಯುತ್ತದೆ. ಇದೇ ಡಿಪ್ಲೀಟೆಡ್ ಯುರೇನಿಯಂ, ಚಿಕ್ಕದಾಗಿ ಡಿ.ಯು. ಇದರ ವಿಕಿರಣ ನೈಸರ್ಗಿಕ ಯುರೇನಿಯಂನ ಸುಮಾರು ಶೇ 60ರಷ್ಟು. ಕೆಂಟಕಿ, ಒಹಾಯೊ ರಾಜ್ಯಗಳಲ್ಲಿ ಸಿಲಿಂಡರುಗಟ್ಟಲೆ ಬಿದ್ದಿದ್ದ ಇದು ಸೇನೆಗೆ ಅಗ್ಗದಲ್ಲಿ ಸಿಗುತ್ತಿತ್ತು. ಸೋವಿಯತ್ ಟ್ಯಾಂಕುಗಳ ಕವಚ ಗಟ್ಟಿಯಾಗುತ್ತ ಹೋದ 1970ರ ದಶಕದಲ್ಲಿ ಅಮೆರಿಕದ ಸೇನೆ ಇದರತ್ತ ತಿರುಗಿತು. ಸೀಸಕ್ಕಿಂತ ಸುಮಾರು 1.7 ಪಟ್ಟು ತೂಕದ ಲೋಹ ಇದು. ಅಷ್ಟೇ ಭಾರದ ಟಂಗ್‌ಸ್ಟನ್ ಗುಂಡು ಉಕ್ಕಿಗೆ ಬಡಿದಾಗ ಅದರ ತುದಿ ಅಣಬೆಯಂತೆ ಅಗಲವಾಗುತ್ತದೆ. ಯುರೇನಿಯಂನ ತುದಿ ಪದರಪದರವಾಗಿ ಕಳಚಿ ಚೂಪಾಗಿಯೇ ಉಳಿಯುತ್ತದೆ. ಒಳಹೊಕ್ಕ ಮೇಲೆ ಅದರ ಪುಡಿಗೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳುತ್ತದೆ. ಸೇನೆಗೆ ಬೇಕಾಗಿದ್ದುದು ಈ ಎರಡು ಗುಣ. ಆರೋಗ್ಯದ ಅಪಾಯ ಹುಟ್ಟುವುದೂ ಇವುಗಳಿಂದಲೇ, ಏಕೆಂದರೆ ಸುಟ್ಟ ಯುರೇನಿಯಂ ಉಸಿರಿನಲ್ಲಿ ಒಳಹೋಗುವಷ್ಟು ನುಣ್ಣನೆಯ ಆಕ್ಸೈಡ್ ದೂಳಾಗುತ್ತದೆ.

1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕ ಕುವೈತ್ ಮತ್ತು ದಕ್ಷಿಣ ಇರಾಕಿನಲ್ಲಿ ಸುಮಾರು 300 ಟನ್ ಡಿ.ಯು. ಹಾರಿಸಿತು. ಎ-10 ವಿಮಾನದ 30 ಮಿ.ಮೀ. ಗುಂಡೊಂದರಲ್ಲಿ ಸುಮಾರು 300 ಗ್ರಾಂ, ಏಬ್ರಮ್ಸ್ ಟ್ಯಾಂಕಿನ ಗುಂಡೊಂದರಲ್ಲಿ ನಾಲ್ಕು ಕಿಲೋಗೂ ಹೆಚ್ಚು ಯುರೇನಿಯಂ. ಗೊಂದಲದಲ್ಲಿ ತಮ್ಮವರದೇ ಗುಂಡಿಗೆ ಸಿಕ್ಕ ಅಮೆರಿಕನ್ ಸೈನಿಕರ ಮೈಯಲ್ಲಿ ಲೋಹದ ಚೂರುಗಳು ಉಳಿದವು. ಅಂಥ ಕೆಲವು ಡಜನ್ ಮಂದಿಯನ್ನು ಬಾಲ್ಟಿಮೋರಿನ ಮಾಜಿ ಸೈನಿಕರ ಆಸ್ಪತ್ರೆ 1993ರಿಂದ ನಿಯತವಾಗಿ ಪರೀಕ್ಷಿಸುತ್ತ ಬಂದಿದೆ. ದಶಕಗಳ ನಂತರವೂ ಅವರ ಮೂತ್ರದಲ್ಲಿ ಯುರೇನಿಯಂ ಹೆಚ್ಚಾಗಿಯೇ ಇದೆ. ಮೂತ್ರಪಿಂಡ ಕೆಟ್ಟ ಸ್ಪಷ್ಟ ಲಕ್ಷಣ ಕಂಡಿಲ್ಲ. ಇದು ಸಮಾಧಾನದ ಸುದ್ದಿ. ಆದರೆ ಅಷ್ಟು ಸಣ್ಣ ಗುಂಪಿನಲ್ಲಿ ಅಪರೂಪದ ಕ್ಯಾನ್ಸರ್ ಲೆಕ್ಕಕ್ಕೆ ಸಿಗುವುದಿಲ್ಲ. ಇಲಿಗಳ ಸ್ನಾಯುವಿನಲ್ಲಿ ಡಿ.ಯು. ಚೂರು ಇಟ್ಟು ನಡೆಸಿದ ಪ್ರಯೋಗದಲ್ಲಿ ಗೆಡ್ಡೆಗಳು ಬೆಳೆದದ್ದು 2002ರಲ್ಲಿ ಪ್ರಕಟವಾಗಿತ್ತು.

ಮುಂದಿನ ಅಧ್ಯಾಯ ಬಾಲ್ಕನ್ ಪ್ರದೇಶದ್ದು. 1994-95ರಲ್ಲಿ ಬೋಸ್ನಿಯಾದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು, 1999ರಲ್ಲಿ ಕೊಸೊವೊದಲ್ಲಿ ಸುಮಾರು 31,000 ಗುಂಡುಗಳು. ಎಲ್ಲೆಲ್ಲಿ ಬಿದ್ದಿವೆ ಎಂಬ ವಿವರವಾದ ನಕ್ಷೆ ವಿಶ್ವಸಂಸ್ಥೆಗೆ ಸಿಕ್ಕಿದ್ದು ಕೊಸೊವೊ ಯುದ್ಧ ಮುಗಿದು ಒಂದು ವರ್ಷವಾದ ಮೇಲೆ. ಇಟಲಿಯ ಶಾಂತಿಪಾಲಕ ಸೈನಿಕರ ಲ್ಯುಕೇಮಿಯಾ ಸುದ್ದಿಯೂ ಯುರೋಪಿನ ಪತ್ರಿಕೆಗಳನ್ನು ತುಂಬಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ತಂಡ 2000ದ ನವೆಂಬರಿನಲ್ಲಿ ಕೊಸೊವೊದ 112 ಜಾಗಗಳ ಪೈಕಿ 11ನ್ನು ನೋಡಿತು. ವ್ಯಾಪಕ ಮಾಲಿನ್ಯ ಕಾಣಲಿಲ್ಲ. ನನ್ನ ಮಟ್ಟಿಗೆ ಹೆಚ್ಚು ಗಂಭೀರವಾದದ್ದು ಅದೇ ಸಂಸ್ಥೆಯ ಬೋಸ್ನಿಯಾ ವರದಿ. ಗುಂಡು ಬಿದ್ದು ಏಳು ವರ್ಷವಾಗಿದ್ದರೂ ಕೆಲವು ಕಟ್ಟಡಗಳ ಒಳಗಿನ ಗಾಳಿಯಲ್ಲಿ ಡಿ.ಯು. ಕಣಗಳಿದ್ದವು, ಒಂದು ಕಡೆ ಬಾವಿಯ ನೀರಿಗೂ ಅದರ ಸುಳಿವು ಇಳಿದಿತ್ತು. ಪ್ರಮಾಣ ಅತ್ಯಲ್ಪ. ಆದರೆ ಮಣ್ಣಿನಲ್ಲಿ ಹೂತ ಗುಂಡು ಏಳು ವರ್ಷದಲ್ಲಿ ಕಾಲುಭಾಗ ತುಕ್ಕು ಹಿಡಿದಿತ್ತು. 25-35 ವರ್ಷಗಳಲ್ಲಿ ಪೂರ್ತಿ ಕರಗಿ ಮಣ್ಣು ಸೇರುತ್ತದೆ ಎಂದು ತಂಡ ಅಂದಾಜಿಸಿತು. ಆ ಅವಧಿ ನಡೆಯುತ್ತಿರುವುದು ಈಗ.

ಬ್ರಿಟನ್ನಿನ ರಾಯಲ್ ಸೊಸೈಟಿ 2001 ಮತ್ತು 2002ರಲ್ಲಿ ಎರಡು ಭಾಗಗಳಲ್ಲಿ ಕೊಟ್ಟ ವರದಿ ಈ ಚರ್ಚೆಗೆ ಗಟ್ಟಿ ನೆಲೆ ಒದಗಿಸಿತು. ಬಹುತೇಕ ಸೈನಿಕರಿಗೆ ಅಪಾಯ ತೀರ ಕಡಿಮೆ. ಗುಂಡು ತಗುಲಿದ ಟ್ಯಾಂಕಿನ ಒಳಗಿದ್ದು ಬದುಕುಳಿದವರು ಮತ್ತು ಅದನ್ನು ಆಮೇಲೆ ಶುಚಿ ಮಾಡಿದವರಿಗೆ ಕೆಟ್ಟ ಸಂದರ್ಭದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾಧ್ಯತೆ ದುಪ್ಪಟ್ಟಾಗಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು ಎಂಬುದು ಅದರ ತೀರ್ಮಾನ. ಜನ ಹೆದರುವುದು ವಿಕಿರಣಕ್ಕೆ. ಆದರೆ ಕರಗಿ ರಕ್ತ ಸೇರಿದ ಯುರೇನಿಯಂ ಮೊದಲು ಹಾನಿ ಮಾಡುವುದು ಭಾರಲೋಹದ ವಿಷವಾಗಿ, ಮೂತ್ರಪಿಂಡದ ಸೂಕ್ಷ್ಮ ನಳಿಕೆಗಳಿಗೆ. ಕರ್ನಾಟಕಕ್ಕೂ ಈ ವಿಷ ಅಪರಿಚಿತವಲ್ಲ: ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಲವು ಕೊಳವೆಬಾವಿಗಳಲ್ಲಿ ಬಂಡೆಯಿಂದ ಬಂದ ನೈಸರ್ಗಿಕ ಯುರೇನಿಯಂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 30 ಮೈಕ್ರೊಗ್ರಾಂ ದಾಟಿದೆ.

ವಾದ ಪ್ರತಿವಾದಗಳನ್ನು ದಾಟಿ ಈ ಕ್ಷೇತ್ರ ಮುಂದೆ ಹೋದದ್ದು ಅಳೆಯುವ ಉಪಕರಣ ಸೂಕ್ಷ್ಮವಾದಾಗ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದ ಭೂವಿಜ್ಞಾನಿ ರಾಂಡಲ್ ಪ್ಯಾರಿಶ್ ಮೂತ್ರದಲ್ಲಿರುವ ಯುರೇನಿಯಂನ ಐಸೊಟೋಪುಗಳ ಅನುಪಾತವನ್ನೇ ಅಳೆದರು. ಊಟ, ನೀರಿನಿಂದ ಬಂದದ್ದು ಯಾವುದು, ಡಿ.ಯು. ಯಾವುದು ಎಂದು ಇದು ಬೇರ್ಪಡಿಸಿ ತೋರಿಸುತ್ತದೆ. ಕಾಲೊನಿಯ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ಕಳೆದ ಮೇಲೂ ಅವರ ತಂಡ ಪರೀಕ್ಷಿಸಿದ ಎಲ್ಲ ಹಳೆಯ ಕಾರ್ಮಿಕರಲ್ಲಿ, ಐದರಲ್ಲೊಬ್ಬ ನಿವಾಸಿಯಲ್ಲಿ ಡಿ.ಯು. ಪತ್ತೆಯಾಯಿತು. 2021ರಲ್ಲಿ ಅದೇ ವಿಧಾನದಿಂದ ಕೊಲ್ಲಿ ಯುದ್ಧದ ಮಾಜಿ ಸೈನಿಕರನ್ನು ಪರೀಕ್ಷಿಸಿದಾಗ, ಕಾಯಿಲೆ ಬಿದ್ದವರಿಗೂ ಆರೋಗ್ಯವಂತರಿಗೂ ಈ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಗಲ್ಫ್ ವಾರ್ ಸಿಂಡ್ರೋಮ್ ಎಂಬ ಅವರ ಕಾಯಿಲೆಗೆ ಉಸಿರಿನಲ್ಲಿ ಹೋದ ಡಿ.ಯು. ಕಾರಣವಲ್ಲ ಎಂದು ಆ ಅಧ್ಯಯನ ಹೇಳಿತು. ಡಿ.ಯು. ವಿರೋಧಿಗಳು ಇದನ್ನು ಒಪ್ಪಿಕೊಳ್ಳಬೇಕು ಎಂದೇ ನನ್ನ ಅಭಿಪ್ರಾಯ. ಹಾಗೆಯೇ ಡಿ.ಯು. ನಿರಪಾಯ ಎನ್ನುವವರು ಕಾಲೊನಿಯ ಫಲಿತಾಂಶಕ್ಕೆ ಉತ್ತರ ಕೊಡಬೇಕು.

ಇಷ್ಟು ಸೂಕ್ಷ್ಮ ಪರೀಕ್ಷೆಗಳ ಗಮನವೆಲ್ಲ ಬಹುಮಟ್ಟಿಗೆ ಅಮೆರಿಕ, ಬ್ರಿಟನ್ನಿನ ಸೈನಿಕರ ಮೇಲೆ. ಸುಟ್ಟ ಟ್ಯಾಂಕುಗಳ ನಡುವೆ ಆಡಿದ, ಅವುಗಳ ಗುಜರಿ ಮಾರಿದ ಇರಾಕಿನ ಜನರಿಗೆ ಆ ಭಾಗ್ಯ ಬರಲಿಲ್ಲ. ಫಲೂಜಾ, ಬಸ್ರಾದ ವೈದ್ಯರು ಅಂಗವಿಕಲ ಶಿಶುಗಳು ಹೆಚ್ಚುತ್ತಿವೆ ಎಂದು ವರ್ಷಗಟ್ಟಲೆ ಹೇಳಿದರು. 2013ರಲ್ಲಿ ಇರಾಕ್ ಸರ್ಕಾರ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪ್ರಕಟಿಸಿದ ಸಮೀಕ್ಷೆ ಅಸಹಜ ಏರಿಕೆಯನ್ನು ಕಾಣಲಿಲ್ಲ. ಅದು ತಾಯಂದಿರ ಹೇಳಿಕೆಯನ್ನು ಆಧರಿಸಿತ್ತು, ಆಸ್ಪತ್ರೆಯ ದಾಖಲೆಯನ್ನಲ್ಲ ಎಂಬ ಟೀಕೆ ಕೂಡಲೇ ಬಂತು. ಕಾರಣ ಡಿ.ಯು. ಎಂದಾಗಲಿ ಅಲ್ಲವೆಂದಾಗಲಿ ಹೇಳಬಲ್ಲ ಪುರಾವೆ ಅದರಿಂದ ದೊರಕಲಿಲ್ಲ. ಈ ಅನಿಶ್ಚಯಕ್ಕೆ ವಿಜ್ಞಾನದ ಮಿತಿಗಿಂತ ಪರೀಕ್ಷೆ ನಡೆಸದ ನಿರ್ಧಾರವೇ ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ.

ಬೆಲ್ಜಿಯಂ 2007ರಲ್ಲಿ ಡಿ.ಯು. ಗುಂಡುಗಳನ್ನು ನಿಷೇಧಿಸುವ ಕಾನೂನು ಮಾಡಿತು. ಅದೇ ವರ್ಷದಿಂದ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಈ ಬಗ್ಗೆ ನಿರ್ಣಯಗಳು ಬರುತ್ತಿವೆ. ಗುಂಡು ಬಿದ್ದ ಜಾಗದ ವಿವರ ಕೊಡಿ ಎಂಬ ಬೇಡಿಕೆಗೂ ಅಮೆರಿಕ, ಬ್ರಿಟನ್, ಫ್ರಾನ್ಸ್, ಇಸ್ರೇಲ್ ವಿರೋಧವಾಗಿ ಮತ ಹಾಕಿವೆ. 2015ರ ನವೆಂಬರಿನಲ್ಲಿ ಅಮೆರಿಕ ಸಿರಿಯಾದಲ್ಲಿ ತೈಲ ಟ್ಯಾಂಕರುಗಳ ಮೇಲೆ ಐದು ಸಾವಿರಕ್ಕೂ ಹೆಚ್ಚು ಡಿ.ಯು. ಗುಂಡು ಹಾರಿಸಿದ್ದನ್ನು ಒಪ್ಪಿಕೊಂಡದ್ದು 2017ರಲ್ಲಿ. 2023ರಲ್ಲಿ ಬ್ರಿಟನ್ ಚಾಲೆಂಜರ್-2 ಟ್ಯಾಂಕುಗಳ ಜೊತೆಗೆ, ಆಮೇಲೆ ಅಮೆರಿಕ ಏಬ್ರಮ್ಸ್‌ಗಾಗಿ, ಈ ಗುಂಡುಗಳನ್ನು ಉಕ್ರೇನಿಗೆ ಕೊಟ್ಟವು. ರಷ್ಯಾ ಇದನ್ನು ಖಂಡಿಸಿತು, ಅದರ ಬಳಿಯೂ ಇಂಥ ಗುಂಡುಗಳಿವೆ. ಉಕ್ರೇನಿಗೆ ಕೊಟ್ಟ ಗುಂಡುಗಳು ಎಲ್ಲಿ ಹಾರುತ್ತವೆ ಎಂಬುದನ್ನು ತಾನು ಗಮನಿಸುವುದಿಲ್ಲ ಎಂದು ಬ್ರಿಟನ್ನಿನ ರಕ್ಷಣಾ ಇಲಾಖೆ ಸಂಸತ್ತಿಗೆ ಲಿಖಿತವಾಗಿ ತಿಳಿಸಿದೆ. ಬೋಸ್ನಿಯಾದ ಲೆಕ್ಕದಂತೆ ಆ ಗುಂಡುಗಳು ಮಣ್ಣಿನಲ್ಲಿ ಕರಗಿ ಮುಗಿಯುವುದು 2050ರ ಆಸುಪಾಸಿಗೆ. ಅಲ್ಲಿಯವರೆಗೂ ಯಾವ ಬಾವಿಯ ನೀರು ಪರೀಕ್ಷಿಸಬೇಕು ಎಂದು ತಿಳಿಯಲು ಉಕ್ರೇನಿನ ರೈತರಿಗೆ ಬೇಕಾಗಿರುವುದು ಗುಂಡು ಬಿದ್ದ ಜಾಗಗಳ ನಕ್ಷೆಯೇ.