ನೆಲದ ಅಳತೆ: ಸರಪಣಿಯಿಂದ ರೇಡಾರಿನವರೆಗೆ

ನೆಲವು ಕುಸಿಯಿತೆಂದು ನಿರ್ಣಯಿಸಬೇಕಾದರೆ ಹಿಂದಿನ ಅಳತೆಯೊಂದು ಕೈಯಲ್ಲಿರಬೇಕು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ನನು ಬೆಂಗಳೂರಿನ ಬಯಲಿನಲ್ಲಿ 100 ಅಡಿಯ ಉಕ್ಕಿನ ಸರಪಣಿಯಿಂದ ಸುಮಾರು 7 ಮೈಲಿಗಳ ಆಧಾರರೇಖೆಯನ್ನು ಅಳೆದನು. 1804ರಲ್ಲಿ ಇಲ್ಲಿಯೇ ಮತ್ತೊಂದು ರೇಖೆಯನ್ನಳೆಯಿಸಿ, ಮದರಾಸಿನಿಂದ ಬಂದ ತನ್ನ ತ್ರಿಕೋನಗಳ ಲೆಕ್ಕವನ್ನು ತಾಳೆನೋಡಿದನು.

ಈಗ ಆ ಕಾರ್ಯವು ಆಕಾಶಕ್ಕೇರಿದೆ. ಉಪಗ್ರಹದ ರೇಡಾರು ನೆಲಕ್ಕೆ ಅಲೆಗಳನ್ನು ಕಳುಹಿಸಿ ಮರಳಿದವನ್ನು ಗ್ರಹಿಸುವುದು. ಅದೇ ಪಥದಿಂದ ಬೇರೆ ಬೇರೆ ದಿನಗಳಲ್ಲಿ ಪಡೆದ ಚಿತ್ರಗಳನ್ನು ಹೋಲಿಸಿದರೆ, ಮರಳಿದ ಅಲೆಯ ಹಂತಭೇದದಿಂದ ಕೆಲವು ಮಿಲಿಮೀಟರುಗಳ ಕುಸಿತವೂ ತಿಳಿಯಬಹುದು. 1992ರ ಲ್ಯಾಂಡರ್ಸ್ ಭೂಕಂಪದ ಇಂತಹ ಚಿತ್ರವು 1993ರಲ್ಲಿ ಪ್ರಕಟವಾಗಿ ಈ ವಿಧಾನವು ಪ್ರಸಿದ್ಧವಾಯಿತು. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ ನಿಸಾರ್ ಉಪಗ್ರಹವನ್ನು ಜೋಡಿಸಿದುದು ಬೆಂಗಳೂರಿನಲ್ಲಿಯೇ; ಅದು 12 ದಿನಗಳಿಗೊಮ್ಮೆ ಅದೇ ಪಥಕ್ಕೆ ಮರಳುವಂತೆ ರಚಿತವಾಗಿದೆ.

ಪೀಣ್ಯದ ನೆರೆಯ ಲಗ್ಗೆರೆಯಂತಹ ಊರಿಗೆ ಇದರಿಂದೇನು? ಈ ಸೀಮೆಯ ತಳದ ನೈಸ್ ಶಿಲೆಯು ಸುಲಭವಾಗಿ ಕುಗ್ಗದು. ಕುಗ್ಗತಕ್ಕುದು ಮೇಲಣ ಸಡಿಲ ಮಣ್ಣು. ವಿಶೇಷವಾಗಿ ಕೆರೆಯಂಗಳಗಳಲ್ಲಿ ತುಂಬಿದ ಮಣ್ಣು. ಧರ್ಮಾಂಬುಧಿಯು ಬಸ್ಸು ನಿಲ್ದಾಣವಾಗಿಯೂ ಸಂಪಂಗಿ ಕೆರೆಯು ಕ್ರೀಡಾಂಗಣವಾಗಿಯೂ ಮಾರ್ಪಟ್ಟುದನ್ನು ವಾಚಕರು ಬಲ್ಲರು.

ರೇಡಾರು ಕುಸಿತವನ್ನು ತೋರಿಸಬಲ್ಲುದು, ಕಾರಣವನ್ನು ಹೇಳಲಾರದು. ಅದರ ನೆನಪೂ ಕೆಲವು ದಶಕಗಳದು ಮಾತ್ರ. ಅದಕ್ಕೂ ಹಿಂದೆ ಎಲ್ಲೆಲ್ಲಿ ನೀರು ನಿಂತಿತ್ತೆಂಬುದನ್ನು ಹಳೆಯ ನಕ್ಷೆಗಳಲ್ಲಿಯೂ, ಊರಹೆಸರುಗಳಲ್ಲಿಯೂ, ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಗಳಂತಹ ಸಂಗ್ರಹಗಳಲ್ಲಿಯೂ ಹುಡುಕಬೇಕು. ಲಗ್ಗೆರೆಯ ಕೊನೆಯಲ್ಲಿರುವ 'ಗೆರೆ'ಯೂ 'ಕೆರೆ'ಯ ರೂಪವೆಂದು ತೋರುತ್ತದೆ. ಇಂತಹ ಹೆಸರುಗಳನ್ನು ಶೋಧಿಸಿ ಕಾಯ್ದಿಡುವ ಹೊಣೆಯು ನಮ್ಮದು. ಅಲ್ಲಿ ಮನೆ ಕಟ್ಟುವವರ ಕ್ಷೇಮವೂ ಅದನ್ನು ಅವಲಂಬಿಸಿದೆ.